ಐಟಿಐ ಫಿಟ್ಟರ್ ಮುಗಿಯಿತು: ಮುಂದೆ ಫೌಂಡ್ರಿಯೋ, ಲೇತ್ ಶಾಪೋ, ರೈಲ್ವೆಯೋ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಒಂದೂವರೆ ಎಕರೆ ಅಡಿಕೆ ತೋಟವಿದೆ. ಮಗ ಈ ವರ್ಷ ಐಟಿಐ ಫಿಟ್ಟರ್ ಮುಗಿಸಿದ್ದಾನೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ 64, ಐಟಿಐನಲ್ಲಿ ಶೇ 78 ಬಂದಿದೆ. ಮಾಚೇನಹಳ್ಳಿಯ ಒಂದು ಫೌಂಡ್ರಿಯವರು (ಲೋಹ ಎರಕದ ಕಾರ್ಖಾನೆ) ‘ಒಂದು ವರ್ಷ ಟ್ರೇನಿ, ತಿಂಗಳಿಗೆ 11 ಸಾವಿರ, ಒಂದು ಹೊತ್ತು ಊಟ’ ಎಂದಿದ್ದಾರೆ. ಶಿವಮೊಗ್ಗ ಸಾಗರ ರಸ್ತೆಯ ಲೇತ್ ಶಾಪ್‌ನವರು ದಿನಕ್ಕೆ 450 ರೂಪಾಯಿ ಕೊಡುತ್ತೇವೆ, ನಾಳೆಯೇ ಬಾ ಎನ್ನುತ್ತಾರೆ. ಅವನ ಗೆಳೆಯರು ರೈಲ್ವೆ ಅಪ್ರೆಂಟಿಸ್‌ಗೆ ಕಾಯೋಣ ಅನ್ನುತ್ತಿದ್ದಾರೆ. ಯಾವುದು ಸರಿ? ಅಪ್ರೆಂಟಿಸ್ ಮುಗಿಸಿದರೆ ಕೆಲಸ ಖಾಯಂ ಆಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಖಾಯಂ ಆಗಲೇಬೇಕೆಂದಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ತರಬೇತಿ ಮುಗಿದ ಮೇಲೆ ಕೆಲಸ ಕೊಡುವುದು ಕಂಪನಿಯ ಇಚ್ಛೆ. ಕೊಡುತ್ತೇವೆಂದು ಒಪ್ಪಂದದಲ್ಲೇ ಬರೆದಿದ್ದರೆ ಮಾತ್ರ ಹಿಡಿದು ಕೇಳಬಹುದು. ಹಾಗಾಗಿ ಈ ಒಂದು ವರ್ಷವನ್ನು ನೌಕರಿಯ ಮೊದಲ ವರ್ಷ ಎಂದು ಎಣಿಸಬೇಡಿ. ಕೈಗೆ ಕೆಲಸ ಬರಬೇಕು, ಆ ಕೆಲಸ ಬರುತ್ತದೆ ಎಂಬುದಕ್ಕೆ ಎಲ್ಲೆಡೆ ನಡೆಯುವ ಕಾಗದ ಸಿಗಬೇಕು. ಎರಡೂ ಸಿಗುವ ಜಾಗಕ್ಕೆ ಕಳಿಸಿ. ಒಂದೇ ಸಿಗುವುದಾದರೆ ಯೋಚಿಸಿ. ಎರಡೂ ಇಲ್ಲದ ಕಡೆ ತಿಂಗಳಿಗೆ ಎರಡು ಸಾವಿರ ಹೆಚ್ಚು ಸಿಕ್ಕರೂ ಬೇಡ.

ಈ ಅಳತೆಯಲ್ಲಿ ನೋಡಿದರೆ ನಿಮ್ಮ ಮೂರು ದಾರಿಗಳಲ್ಲಿ ಫೌಂಡ್ರಿಯದ್ದೇ ಒಳ್ಳೆಯದು, ಆದರೆ ಎರಡು ಷರತ್ತಿನ ಮೇಲೆ. ಅವರು ಫಿಟ್ಟರ್ ಟ್ರೇಡ್‌ನಲ್ಲಿ ಅಪ್ರೆಂಟಿಸ್ ಒಪ್ಪಂದ ನೋಂದಾಯಿಸಬೇಕು, ಮತ್ತು ಹುಡುಗನನ್ನು ಮೇಂಟೆನೆನ್ಸ್ ಅಥವಾ ಮೆಷಿನ್ ಶಾಪ್‌ಗೆ ಹಾಕಬೇಕು. ಈ ಎರಡನ್ನು ಕೇಳಿ ತಿಳಿಯುವ ಮೊದಲು ಎಲ್ಲಿಯೂ ಸಹಿ ಬೇಡ.

ಯಾವ ಒಪ್ಪಂದ, ಯಾವ ಟ್ರೇಡ್

ಫೌಂಡ್ರಿಯ ಎಚ್‌ಆರ್ ಹತ್ತಿರ ಹೋಗಿ ಹೀಗೆ ಕೇಳಿ: ‘ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಒಪ್ಪಂದ ಮಾಡಿಸುತ್ತೀರಾ? ಟ್ರೇಡ್ ಯಾವುದೆಂದು ಹಾಕುತ್ತೀರಿ?’

‘ಹೌದು, ಫಿಟ್ಟರ್’ ಎಂದರೆ ಒಳ್ಳೆಯದು. ಫಿಟ್ಟರ್ ಎಂಬುದು ಸರ್ಕಾರ ಪಠ್ಯಕ್ರಮ ನಿಗದಿ ಮಾಡಿರುವ ಟ್ರೇಡ್. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಒಂದು ವರ್ಷದ ಅಪ್ರೆಂಟಿಸ್ ತರಬೇತಿ. ಕೊನೆಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ, ಎಲ್ಲರೂ ಎನ್‌ಎಸಿ ಅನ್ನುವುದು, ಸಿಗುತ್ತದೆ. ಸಾರ್ವಜನಿಕ ಉದ್ಯಮಗಳ ನೇಮಕಾತಿ ಪ್ರಕಟಣೆಗಳಲ್ಲಿ ‘ಐಟಿಐ ಜೊತೆಗೆ ಎನ್‌ಎಸಿ’ ಎಂದು ಕೇಳುವುದು ಇದನ್ನೇ.

‘ಹೌದು, ಆದರೆ ಟ್ರೇಡ್ ಬೇರೆ’ ಎಂದರೆ ಎಚ್ಚರ. ಕಂಪನಿ ತನ್ನ ಅಗತ್ಯಕ್ಕೆ ತಾನೇ ರೂಪಿಸಿಕೊಳ್ಳುವ ಐಚ್ಛಿಕ ಟ್ರೇಡ್‌ಗಳಿಗೂ ಕಾಯಿದೆಯಲ್ಲಿ ಅವಕಾಶವಿದೆ. ಅವಧಿ 6 ತಿಂಗಳಿಂದ 36 ತಿಂಗಳವರೆಗೆ ಇರಬಹುದು. ಐಟಿಐ ಓದದ ಹುಡುಗರಿಗೆ ಅದು ಒಳ್ಳೆಯ ಬಾಗಿಲು. ನಿಮ್ಮ ಮಗನಿಗೆ ನಷ್ಟ. ಎರಡು ವರ್ಷ ಫಿಟ್ಟರ್ ಓದಿ, ಫೆಟ್ಲಿಂಗ್ (ಎರಕ ಉಜ್ಜುವ ಕೆಲಸ) ಅಥವಾ ಮೋಲ್ಡಿಂಗ್ (ಅಚ್ಚು ಮಾಡುವ ಕೆಲಸ) ಹೆಸರಿನ ಪ್ರಮಾಣಪತ್ರ ಹಿಡಿದು ಬಂದರೆ ಫಿಟ್ಟರ್ ಎನ್‌ಎಸಿ ಕೇಳುವ ಕಡೆ ಅದು ನಡೆಯುವುದಿಲ್ಲ.

‘ಪೋರ್ಟಲ್ ಏನೂ ಇಲ್ಲ, ನಮ್ಮ ಕಂಪನಿಯದ್ದೇ ಟ್ರೇನಿ’ ಎಂದರೆ ಇನ್ನೊಂದು ಪ್ರಶ್ನೆ ಕೇಳಿ: ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಮಾಡಿಸುತ್ತೀರಾ, ಪಿಎಫ್ (ಭವಿಷ್ಯ ನಿಧಿ) ಕಟ್ಟುತ್ತೀರಾ? ಅಪ್ರೆಂಟಿಸ್ ಕಾಯಿದೆಯಡಿ ಇರುವವರಿಗೆ ಇವೆರಡೂ ಅನ್ವಯಿಸುವುದಿಲ್ಲ. ಅದರ ಹೊರಗಿದ್ದು ಕೆಲಸಗಾರನಂತೆಯೇ ದುಡಿಯುವವನಿಗೆ, ತಿಂಗಳ ವೇತನ 21,000 ರೂಪಾಯಿಯ ಒಳಗಿದ್ದರೆ, ಇಎಸ್‌ಐ ಬೇಕು. ವೇತನವೂ ರಾಜ್ಯ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಇರುವಂತಿಲ್ಲ. ಕಾರ್ಮಿಕ ಇಲಾಖೆಯ ದರಪಟ್ಟಿಯಲ್ಲಿ ಆ ಉದ್ಯಮದ ಸಾಲು ನೋಡಿ, 11 ಸಾವಿರಕ್ಕೆ ಹೋಲಿಸಿ. ಅಪ್ರೆಂಟಿಸ್ ಒಪ್ಪಂದವೂ ಇಲ್ಲ, ಇಎಸ್‌ಐಯೂ ಇಲ್ಲ, ಸಂಬಳ ಏಜೆನ್ಸಿಯಿಂದ ಬರುತ್ತದೆ ಎಂದಾದರೆ ಅದು ಹೆಲ್ಪರ್ ಕೆಲಸ. ಒಂದು ವರ್ಷ ಕಳೆದ ಮೇಲೂ ಮಗ ಇವತ್ತು ನಿಂತಲ್ಲೇ ನಿಂತಿರುತ್ತಾನೆ.

ಶಿಷ್ಯವೇತನದ ಲೆಕ್ಕ ಹೀಗಿದೆ. 2019ರ ಸೆಪ್ಟೆಂಬರ್ ತಿದ್ದುಪಡಿಯಂತೆ ಕನಿಷ್ಠ ಮೊತ್ತ ಎಸ್ಸೆಸ್ಸೆಲ್ಸಿಯವರಿಗೆ 6,000, ಐಟಿಐನವರಿಗೆ 7,000, ಡಿಪ್ಲೊಮಾಗೆ 8,000, ಪದವೀಧರರಿಗೆ 9,000 ರೂಪಾಯಿ. ಎರಡನೇ ವರ್ಷಕ್ಕೆ ಶೇ 10, ಮೂರನೇ ವರ್ಷಕ್ಕೆ ಶೇ 15 ಸೇರುತ್ತದೆ. ಐಟಿಐನ ಎರಡು ವರ್ಷವನ್ನೂ ಎಣಿಸಿ, ಮೂರನೇ ವರ್ಷದ ಲೆಕ್ಕದಲ್ಲಿ 8,050 ರೂಪಾಯಿ ಕೊಡುವ ಉದ್ಯಮಗಳಿವೆ. ಈ ಮೊತ್ತಗಳನ್ನು ಶೇ 36ರಷ್ಟು ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದೆ. ಸಹಿ ಹಾಕುವ ದಿನ ಪೋರ್ಟಲ್‌ನಲ್ಲಿ ಎಷ್ಟಿದೆಯೋ ಅಷ್ಟು ಒಪ್ಪಂದದಲ್ಲಿ ಬರೆದಿದೆಯೇ ನೋಡಿಕೊಳ್ಳಿ. ಇದು ಕನಿಷ್ಠ, ಹೆಚ್ಚು ಕೊಡಲು ಅಡ್ಡಿಯಿಲ್ಲ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಕೇಂದ್ರ ಸರ್ಕಾರ ಶೇ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಯವರೆಗೆ, ನೇರವಾಗಿ ಹುಡುಗನ ಖಾತೆಗೆ ಹಾಕುತ್ತದೆ. ಅಂದರೆ 11 ಸಾವಿರ ಎಂದವರು ತಾವೇ 11 ಸಾವಿರ ಕೊಡುತ್ತಾರೋ, 9,500 ಕೊಟ್ಟು ಉಳಿದದ್ದು ಸರ್ಕಾರದಿಂದ ಬರುತ್ತದೆ ಅನ್ನುತ್ತಾರೋ, ಅದನ್ನೂ ಮೊದಲೇ ಕೇಳಿ. ತಿಂಗಳ ಕೊನೆಗೆ ಜಗಳವಾಗುವುದು ಈ 1,500ರ ವಿಷಯಕ್ಕೇ.

ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ

ಪೋರ್ಟಲ್‌ನಲ್ಲಿ ನೋಂದಣಿಗೆ ಅರ್ಧ ಗಂಟೆ ಸಾಕು. ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲ್, ಇ-ಮೇಲ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಫೋಟೊ ಇಷ್ಟು ಕೈಯಲ್ಲಿರಲಿ. ಆದರೆ ನಮ್ಮ ಕಡೆಯ ಹುಡುಗರ ಅರ್ಜಿಗಳು ನಿಂತುಬಿಡುವುದು ಹೆಸರಿನ ಮುಂದಿನ ಇನಿಷಿಯಲ್‌ಗಳಿಂದ. ಎಸ್ಸೆಸ್ಸೆಲ್ಸಿಯಲ್ಲಿ ‘ಮಂಜುನಾಥ ಎಚ್.ಆರ್.’, ಆಧಾರ್‌ನಲ್ಲಿ ಬರೀ ‘ಮಂಜುನಾಥ’, ಐಟಿಐ ದಾಖಲೆಯಲ್ಲಿ ‘ಎಚ್ ಆರ್ ಮಂಜುನಾಥ್’. ಓದುವ ನಮಗೆ ಮೂವರೂ ಒಬ್ಬನೇ, ಪೋರ್ಟಲ್‌ಗೆ ಮೂವರು. ಎಸ್ಸೆಸ್ಸೆಲ್ಸಿಯ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಮೂಲ ಎಂದಿಟ್ಟುಕೊಂಡು ಆಧಾರ್ ಸರಿಪಡಿಸಿ. ಐಟಿಐ ದಾಖಲೆಯಲ್ಲಿ ತಪ್ಪಿದ್ದರೆ ಕಲಿತ ಐಟಿಐ ಕಚೇರಿಯ ಮೂಲಕವೇ ತಿದ್ದುಪಡಿ ಆಗಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುವುದರಿಂದ ಈಗಲೇ ಶುರು ಮಾಡಿ.

ಎರಡನೆಯದು ಬ್ಯಾಂಕ್ ಖಾತೆ. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಎಂದರೆ ಸಾಲದು. ಸರ್ಕಾರದ ಹಣ ಆಧಾರ್ ಆಧಾರದ ಮೇಲೆ ಬರಬೇಕಾದರೆ ಖಾತೆ ಎನ್‌ಪಿಸಿಐಗೆ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ರಾಷ್ಟ್ರೀಯ ಸಂಸ್ಥೆ) ಸೀಡಿಂಗ್, ಅಂದರೆ ಜೋಡಣೆ, ಆಗಿರಬೇಕು. ಬ್ಯಾಂಕಿನಲ್ಲಿ ‘ಡಿಬಿಟಿ (ಸರ್ಕಾರದ ನೇರ ಹಣ) ಬರುವ ಹಾಗೆ ಮಾಡಿಕೊಡಿ’ ಎಂದರೆ ಅರ್ಥವಾಗುತ್ತದೆ. ಎರಡು ಮೂರು ಖಾತೆ ಇದ್ದರೆ ಕೊನೆಗೆ ಸೀಡಿಂಗ್ ಆದ ಖಾತೆಗೇ ದುಡ್ಡು ಹೋಗುತ್ತದೆ. ಅದು ಬಳಸದೆ ಬಿಟ್ಟ ಹಳೆಯ ವಿದ್ಯಾರ್ಥಿವೇತನದ ಖಾತೆ ಆಗಿರಬಾರದು.

ಕಂಪನಿ ಒಪ್ಪಂದ ತಯಾರಿಸಿದ ಮೇಲೆ ಹುಡುಗ ತನ್ನ ಲಾಗಿನ್‌ನಲ್ಲಿ ಅದನ್ನು ತೆರೆದು ಒಪ್ಪಿಗೆ ಕೊಡಬೇಕು. 18 ತುಂಬದಿದ್ದರೆ ಪೋಷಕರ ಸಹಿ ಬೇಕು. ಒಪ್ಪುವ ಮೊದಲು ಟ್ರೇಡ್, ಆರಂಭ ಮತ್ತು ಮುಕ್ತಾಯದ ದಿನಾಂಕ, ಶಿಷ್ಯವೇತನ, ತರಬೇತಿ ನಡೆಯುವ ವಿಳಾಸ ನಾಲ್ಕನ್ನೂ ಓದಿ. ಒಪ್ಪಂದದ ಸಂಖ್ಯೆ ಬಂದ ದಿನವೇ ಪ್ರತಿಯನ್ನು ಇಳಿಸಿಕೊಂಡು ನಿಮ್ಮ ಮೊಬೈಲ್‌ಗೂ ಕಳಿಸಿಕೊಳ್ಳಿ. ಆರಂಭದ ದಿನಾಂಕ ಮುಖ್ಯ. ಜುಲೈಯಲ್ಲಿ ಕೆಲಸಕ್ಕೆ ಸೇರಿಸಿಕೊಂಡು ಅಕ್ಟೋಬರ್‌ನಲ್ಲಿ ಒಪ್ಪಂದ ಮಾಡಿದರೆ ಮಧ್ಯದ ತಿಂಗಳುಗಳು ತರಬೇತಿಯ ಲೆಕ್ಕಕ್ಕೆ ಬರುವುದಿಲ್ಲ, ಪರೀಕ್ಷೆಯೂ ಮುಂದೆ ಹೋಗುತ್ತದೆ. ಆ ದಿನಗಳಲ್ಲಿ ಗಾಯವಾದರೆ ಅವನು ಅಪ್ರೆಂಟಿಸ್ ಎಂದು ತೋರಿಸಲು ಕಾಗದ ಇರುವುದಿಲ್ಲ. ಒಪ್ಪಂದ ಇದ್ದರೆ, ತರಬೇತಿಯಲ್ಲಿ ಆಗುವ ಅಪಘಾತಕ್ಕೆ ಕೆಲಸಗಾರರಿಗೆ ಕೊಡುವಂತೆಯೇ ಪರಿಹಾರ ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ.

ಮೂಲ ಅಂಕಪಟ್ಟಿಗಳನ್ನು ತೋರಿಸಿ, ನಕಲು ಕೊಟ್ಟು, ಮೂಲವನ್ನು ಮನೆಗೆ ತನ್ನಿ. ‘ವರ್ಷ ಮುಗಿಯುವ ತನಕ ನಮ್ಮಲ್ಲಿರಲಿ’ ಎನ್ನುವವರಿಗೆ ಒಪ್ಪಬೇಡಿ. ಠೇವಣಿ, ತರಬೇತಿ ಶುಲ್ಕ, ಸೇರಿಸುವವರ ಕಮಿಷನ್ ಎಂದು ಯಾರಿಗೂ ಹಣ ಕೊಡಬೇಡಿ.

ಕೆಲಸ ಕಲಿತದ್ದು ಹೇಗೆ ಗೊತ್ತಾಗುತ್ತದೆ

ಕಾಗದ ಸರಿಯಿದ್ದೂ ವರ್ಷ ವ್ಯರ್ಥವಾಗುವುದುಂಟು, ಮತ್ತು ಅದು ಹೆಚ್ಚಾಗಿ ಫೌಂಡ್ರಿಗಳಲ್ಲೇ. ಎರಕ ಹೊಯ್ದ ಮೇಲೆ ಕಾಸ್ಟಿಂಗ್‌ಗೆ ಅಂಟಿಕೊಂಡ ಹೆಚ್ಚುವರಿ ಲೋಹದ ತುಂಡುಗಳನ್ನು (ಗೇಟು, ರೈಸರ್) ಒಡೆದು ಗ್ರೈಂಡರ್‌ನಲ್ಲಿ ಉಜ್ಜುವ ಫೆಟ್ಲಿಂಗ್ ವಿಭಾಗಕ್ಕೆ ಯಾವಾಗಲೂ ಜನ ಸಾಲದು. ಫಿಟ್ಟರ್ ಎಂದು ಬಂದ ಹುಡುಗನನ್ನು ‘ಸ್ವಲ್ಪ ದಿನ ಅಲ್ಲಿರು’ ಎಂದು ಅಲ್ಲಿಗೆ ಹಾಕುತ್ತಾರೆ. ಆ ಸ್ವಲ್ಪ ದಿನ ಹನ್ನೊಂದು ತಿಂಗಳಾಗುತ್ತದೆ. ಅಲ್ಲಿ ಎದ್ದೇಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ; ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯೂ ಅಲ್ಲ. ಕರವಸ್ತ್ರ ಕಟ್ಟಿಕೊಂಡರೆ ಆ ಧೂಳು ನಿಲ್ಲದು, ಧೂಳಿಗೆಂದೇ ಮಾಡಿದ ಮಾಸ್ಕ್ ಬೇಕು. ಆದ್ದರಿಂದ ಸೇರುವ ಮೊದಲೇ ‘ಮೊದಲ ಮೂರು ತಿಂಗಳು ಯಾವ ವಿಭಾಗ, ಆಮೇಲೆ ಯಾವುದು’ ಎಂದು ಕೇಳಿ. ಪಠ್ಯಕ್ರಮದಂತೆ ವಿಭಾಗ ಬದಲಿಸುವ ಪಟ್ಟಿ ಇಟ್ಟುಕೊಂಡ ಕಂಪನಿ ಅದನ್ನು ತೋರಿಸಲು ಹಿಂಜರಿಯುವುದಿಲ್ಲ.

ಫಿಟ್ಟರ್‌ಗೆ ಫೌಂಡ್ರಿಯ ಮೇಂಟೆನೆನ್ಸ್ ಒಳ್ಳೆಯ ಶಾಲೆ ಏಕೆಂದರೆ ಅಲ್ಲಿ ಯಂತ್ರ ಬೇಗ ಕೆಡುತ್ತದೆ. ಮರಳು, ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ, ಶೇ 3–4ರಷ್ಟು ನೀರು ಸೇರಿಸಿ ಕಲಸುವ ಮಿಕ್ಸರ್, ಅದನ್ನು ಒಯ್ಯುವ ಬೆಲ್ಟ್ ಕನ್ವೇಯರ್, ಬಕೆಟ್ ಎಲಿವೇಟರ್, ಮೋಲ್ಡಿಂಗ್ ಯಂತ್ರದ ಹೈಡ್ರಾಲಿಕ್ಸ್ ಎಲ್ಲವೂ ಧೂಳಿನಲ್ಲೇ ಓಡುತ್ತವೆ. ಬೇರಿಂಗ್, ಸೀಲು, ಗೇರ್‌ಬಾಕ್ಸ್ ರಿಪೇರಿ ದಿನವೂ ಇದ್ದದ್ದೇ.

ಒಂದು ಬೇರಿಂಗ್ ಬದಲಾಯಿಸುವ ಕೆಲಸವನ್ನೇ ನೋಡಿ. ಕಲಿತವನಿಗೂ ಕಲಿಯದವನಿಗೂ ಇರುವ ವ್ಯತ್ಯಾಸ ಅದರಲ್ಲಿ ಕಾಣುತ್ತದೆ. ಕನ್ವೇಯರ್ ರೋಲರ್‌ನಲ್ಲಿ 6205 ಬೇರಿಂಗ್ ಹೋಗಿದೆ ಎನ್ನೋಣ. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ: 25 ಮಿ.ಮೀ. ಹೊರವ್ಯಾಸ 52, ಅಗಲ 15. ಹೆಲ್ಪರ್ ಆದವನು ಹಳೆಯದನ್ನು ಉಳಿಯಿಟ್ಟು ಹೊಡೆದು ತೆಗೆದು, ಹೊಸದನ್ನು ಹೊರ ರಿಂಗ್ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸುತ್ತಾನೆ. ಪೆಟ್ಟು ಗುಂಡುಗಳ ಮೂಲಕ ಹಾದುಹೋಗಿ ಒಳಗಿನ ದಾರಿಯಲ್ಲಿ ಗುಳಿ ಬೀಳುತ್ತದೆ, ಕೆಲವೇ ವಾರದಲ್ಲಿ ಯಂತ್ರ ಕೂಗಲು ಶುರುವಾಗುತ್ತದೆ. ಫಿಟ್ಟರ್ ಆದವನು ಮೊದಲು ಪುಲ್ಲರ್ ಹಾಕಿ ಹಳೆಯದನ್ನು ಎಳೆಯುತ್ತಾನೆ. ಆಮೇಲೆ ಶಾಫ್ಟ್ ಒರೆಸಿ ಮೈಕ್ರೊಮೀಟರ್ ಹಿಡಿಯುತ್ತಾನೆ. ಬಿಗಿಯಾಗಿ ಕೂರಬೇಕಾದ ಕಡೆ 25.00ಕ್ಕಿಂತ ಕೆಲವು ಮೈಕ್ರಾನ್ ಹೆಚ್ಚಿರಬೇಕು. 24.97 ತೋರಿಸಿದರೆ ಒಳ ರಿಂಗ್ ಶಾಫ್ಟ್ ಮೇಲೇ ಜಾರಿ ತಿರುಗುತ್ತಿತ್ತು ಎಂದು ಅರ್ಥ. ಎಷ್ಟು ಹೊಸ ಬೇರಿಂಗ್ ಹಾಕಿದರೂ ಅದು ಮತ್ತೆ ಹೋಗುತ್ತದೆ. ಅವಸರಕ್ಕೆ ಶಾಫ್ಟ್ ಮೇಲೆ ಸೆಂಟರ್ ಪಂಚ್‌ನಿಂದ ಚುಕ್ಕಿ ಹೊಡೆದು ಬಿಗಿ ಮಾಡುವ ಅಭ್ಯಾಸ ಎಲ್ಲ ಕಡೆ ಇದೆ. ಆ ಚುಕ್ಕಿಗಳ ತುದಿ ಬೇಗ ಸವೆದುಹೋಗುತ್ತದೆ. ಸರಿಯಾದ ದಾರಿ ವೆಲ್ಡಿಂಗ್ ತುಂಬಿಸಿ ಮತ್ತೆ ಟರ್ನಿಂಗ್ ಮಾಡುವುದು, ಇಲ್ಲವೇ ಸ್ಲೀವ್ ಹಾಕುವುದು. ಶಾಫ್ಟ್ ಸರಿಯಿದ್ದರೆ ಬೇರಿಂಗನ್ನು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಿಸಿ ಮಾಡಿ (120 ದಾಟಬಾರದು) ಜಾರಿಸಬೇಕು, ಅಥವಾ ಒಳ ರಿಂಗ್‌ಗೆ ಮಾತ್ರ ತಾಗುವ ಪೈಪ್ ಇಟ್ಟು ಒತ್ತಬೇಕು. ಗ್ರೀಸ್ ಖಾಲಿ ಜಾಗದ ಮೂರನೇ ಒಂದರಿಂದ ಅರ್ಧದಷ್ಟು ಸಾಕು, ತುಂಬಿ ತುಳುಕಿಸಿದರೆ ಬೇರಿಂಗ್ ಕಾಯುತ್ತದೆ.

ಇಷ್ಟೂ ಐಟಿಐ ಪುಸ್ತಕದಲ್ಲಿದೆ. ಆದರೆ 24.97 ಬಂದಾಗ ‘ಇದನ್ನು ಹೀಗೇ ಹಾಕಬಾರದು’ ಎಂದು ಸೂಪರ್‌ವೈಸರ್‌ಗೆ ಹೇಳುವ ಧೈರ್ಯ ಹುಡುಗನಿಗೆ ಬರುವುದು ಅಳೆದು ಅಳೆದು ಕೈ ನಂಬಿಕೆ ಬಂದ ಮೇಲೆಯೇ. ಆ ನಂಬಿಕೆ ಬರಲು ಕಲಿಸುವವರು ಪಕ್ಕದಲ್ಲಿರಬೇಕು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದಂದಿನಿಂದ ಈ ಪ್ರದೇಶದಲ್ಲಿ ಇಂಥ ಕೈಗಳು ತಯಾರಾಗುತ್ತ ಬಂದಿವೆ. ಕಾರ್ಖಾನೆಯೊಳಗೆ ಹೋದಾಗ ಮೇಂಟೆನೆನ್ಸ್‌ನಲ್ಲಿ ಹಿರಿಯ ಫಿಟ್ಟರ್‌ಗಳು ಎಷ್ಟಿದ್ದಾರೆ, ಅಳತೆಯ ಉಪಕರಣಗಳನ್ನು ಪೆಟ್ಟಿಗೆಯಲ್ಲಿಟ್ಟಿದ್ದಾರೋ ಸ್ಪ್ಯಾನರ್ ರಾಶಿಯಲ್ಲಿ ಬಿಸಾಡಿದ್ದಾರೋ ನೋಡಿಕೊಂಡು ಬರಲು ಮಗನಿಗೆ ಹೇಳಿ. ವರ್ನಿಯರ್ ಬಿದ್ದಿರುವ ಜಾಗ ನೋಡಿದರೆ ಆ ವಿಭಾಗದಲ್ಲಿ ಏನು ಕಲಿಸುತ್ತಾರೆಂದು ಬಹುಮಟ್ಟಿಗೆ ತಿಳಿಯುತ್ತದೆ.

ಅವನು ಈಗಲೇ ಗಟ್ಟಿ ಮಾಡಿಕೊಳ್ಳಬೇಕಾದವು ಕೆಲವಿವೆ. ವರ್ನಿಯರ್‌ನ ಲೀಸ್ಟ್ ಕೌಂಟ್ (ಅಳೆಯಬಲ್ಲ ಅತಿ ಚಿಕ್ಕ ಅಳತೆ) 0.02, ಮೈಕ್ರೊಮೀಟರ್‌ನದು 0.01 ಮಿ.ಮೀ. ಎಂದು ಹೇಳಿದರೆ ಸಾಲದು, ಒಂದೇ ತುಂಡನ್ನು ಐದು ಸಲ ಅಳೆದರೂ ಅದೇ ಅಂಕಿ ಬರಬೇಕು. ಡ್ರಾಯಿಂಗ್‌ನಲ್ಲಿ 25 ಎಚ್7 ಎಂದು ದೊಡ್ಡಕ್ಷರದ ಎಚ್‌ನಲ್ಲಿ ಬರೆದ ರಂಧ್ರ 25.000ರಿಂದ 25.021 ಮಿ.ಮೀ. ಒಳಗಿರಬೇಕು, ಚಿಕ್ಕಕ್ಷರದ ಎಚ್‌ನಲ್ಲಿ ಬರೆದ ಶಾಫ್ಟ್ ಆದರೆ 24.979ರಿಂದ 25.000. ಟ್ಯಾಪಿಂಗ್‌ಗೆ ಎಂ6ಕ್ಕೆ 5 ಮಿ.ಮೀ., ಎಂ8ಕ್ಕೆ 6.8, ಎಂ10ಕ್ಕೆ 8.5 ಡ್ರಿಲ್. ಎಂ8ಕ್ಕೆ 6.5 ಡ್ರಿಲ್ ಹಾಕಿ, ಎಣ್ಣೆ ಬಿಡದೆ, ಅರ್ಧ ಸುತ್ತು ಹಿಂದೆ ತಿರುಗಿಸದೆ ಒಂದೇ ಸಮ ತಿರುವಿದರೆ ಟ್ಯಾಪ್ ಮುರಿದು ಒಳಗೇ ಉಳಿಯುತ್ತದೆ. ಅದನ್ನು ತೆಗೆಯುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ಟ್ರೇಡ್ ಟೆಸ್ಟ್‌ಗಳಲ್ಲೂ ಸಂದರ್ಶನಗಳಲ್ಲೂ ಕೇಳುವುದು ಇಂಥದ್ದನ್ನೇ.

ಇನ್ನು ಜೀವದ ವಿಷಯ. ಫೌಂಡ್ರಿಯಲ್ಲಿ ಫಿಟ್ಟರ್‌ಗಳ ಬೆರಳು ಹೋಗುವುದು ಮಿಕ್ಸರ್ ಮತ್ತು ಕನ್ವೇಯರ್‌ನಲ್ಲಿ. ಒಬ್ಬ ಒಳಗೆ ಕೈ ಹಾಕಿದಾಗ ಇನ್ನೊಬ್ಬ ಸ್ವಿಚ್ ಒತ್ತುತ್ತಾನೆ. ಮುಖ್ಯ ಸ್ವಿಚ್ ಆಫ್ ಮಾಡಿ, ಅದಕ್ಕೆ ತನ್ನದೇ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಕೈ ಒಳಗೆ ಹೋಗಬೇಕು. ‘ಒಂದೇ ನಿಮಿಷದ ಕೆಲಸ’ ಎಂದು ಯಾರೇ ಹೇಳಿದರೂ ಸರಿ. ಕುಲುಮೆಯ ಹತ್ತಿರ ಒದ್ದೆ ಸಾಮಾನು ಒಯ್ಯಬಾರದು. ಮಳೆಗಾಲದಲ್ಲಿ ಹೊರಗೆ ನೆನೆದ ಗುಜರಿ ಕರಗಿದ ಲೋಹಕ್ಕೆ ಬಿದ್ದರೆ ನೀರು ಕ್ಷಣದಲ್ಲಿ ಆವಿಯಾಗಿ ಲೋಹವೇ ಸಿಡಿಯುತ್ತದೆ. ನಮ್ಮ ಮಳೆಗೆ ಈ ಎಚ್ಚರ ಹೆಚ್ಚು ಬೇಕು.

ದಿನವೂ ಸಂಜೆ ಒಂದು ನೋಟ್‌ಬುಕ್‌ನಲ್ಲಿ ಏನು ಕೆಲಸ, ಯಾವ ಯಂತ್ರ, ಏನು ಅಳತೆ, ಏನು ಕೆಟ್ಟಿತ್ತು, ಹೇಗೆ ಸರಿಯಾಯಿತು ಎಂದು ನಾಲ್ಕು ಸಾಲು ಬರೆಯಲಿ. ವಾರಕ್ಕೊಮ್ಮೆ ಸೂಪರ್‌ವೈಸರ್ ಸಹಿ ಹಾಕಿಸಿಕೊಳ್ಳಲಿ. ಎರಡು ತಿಂಗಳ ಪುಟಗಳಲ್ಲೂ ‘ಗ್ರೈಂಡಿಂಗ್’ ಬಿಟ್ಟು ಬೇರೇನೂ ಇಲ್ಲದಿದ್ದರೆ ಆ ಪುಸ್ತಕ ಹಿಡಿದೇ ವಿಭಾಗ ಬದಲಾವಣೆ ಕೇಳಬಹುದು. ಬಾಯಿಮಾತಿನ ದೂರಿಗಿಂತ ಸಹಿ ಇರುವ ಪುಟಕ್ಕೆ ಬೆಲೆ ಹೆಚ್ಚು.

ಲೇತ್ ಶಾಪ್ ಬೇಡವೇ?

ಬೇಡ ಎನ್ನುವುದಿಲ್ಲ. ಸಾಗರ ರಸ್ತೆಯ ವರ್ಕ್‌ಶಾಪ್‌ಗಳಲ್ಲಿ ಒಳ್ಳೆಯ ಕೆಲಸಗಾರರಿದ್ದಾರೆ. ಅಡಿಕೆ ಸುಲಿಯುವ ಯಂತ್ರ, ಪಂಪ್‌ಸೆಟ್, ಟಿಲ್ಲರ್, ಕಳೆ ಕೊಚ್ಚುವ ಯಂತ್ರ ಎಂದು ದಿನಕ್ಕೊಂದು ಹೊಸ ತೊಂದರೆ ಬರುತ್ತದೆ, ಮಾಲೀಕರೇ ಪಕ್ಕದಲ್ಲಿ ನಿಂತು ತೋರಿಸುತ್ತಾರೆ. ದಿನಕ್ಕೆ 450ರಂತೆ 26 ದಿನಕ್ಕೆ 11,700 ರೂಪಾಯಿ. ಫೌಂಡ್ರಿಗಿಂತ ಸ್ವಲ್ಪ ಹೆಚ್ಚೇ, ಆದರೆ ಹೋಗದ ದಿನ ಸಂಬಳವಿಲ್ಲ, ಗಾಯವಾದರೆ ನೋಡುವವರಿಲ್ಲ, ಮೂರು ವರ್ಷ ದುಡಿದರೂ ತೋರಿಸಲು ಒಂದು ಚೀಟಿ ಇರುವುದಿಲ್ಲ. ಊರಿಗೆ ಬಂದು ಸ್ವಂತ ವರ್ಕ್‌ಶಾಪ್ ಹಾಕುವುದೇ ಅವನ ಗುರಿ ಎಂದಾದರೆ ಮಾತ್ರ ಇದು ಮೊದಲ ಆಯ್ಕೆ.

ಇದಕ್ಕೊಂದು ದಾರಿಯಿದೆ, ಬಹಳ ಮಾಲೀಕರಿಗೇ ಅದು ಗೊತ್ತಿಲ್ಲ. ಅಪ್ರೆಂಟಿಸ್ ತೆಗೆದುಕೊಳ್ಳುವುದು 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಗಳಿಗೆ ಕಡ್ಡಾಯ. ಆದರೆ ನಾಲ್ಕು ಜನ ಕೆಲಸಕ್ಕಿರುವ ಸಣ್ಣ ಘಟಕವೂ ಇಷ್ಟವಿದ್ದರೆ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು ಅಪ್ರೆಂಟಿಸ್ ಇಟ್ಟುಕೊಳ್ಳಬಹುದು, ಸರ್ಕಾರದ 1,500 ರೂಪಾಯಿ ಪಾಲೂ ಅನ್ವಯವಾಗುತ್ತದೆ. ಲೇತ್ ಶಾಪ್‌ನಲ್ಲಿ ನಾಲ್ಕು ಜನರಿದ್ದರೆ ಮಾಲೀಕರಿಗೆ ಈ ವಿಷಯ ತಿಳಿಸಿ ನೋಡಿ. ಕಾಗದಪತ್ರದ ಕೆಲಸವನ್ನು ಮಗನೇ ಮೊಬೈಲ್‌ನಲ್ಲಿ ಮಾಡಿಕೊಡಬಹುದು.

ರೈಲ್ವೆಯ ಲೆಕ್ಕ

ನೈಋತ್ಯ ರೈಲ್ವೆ ಹುಬ್ಬಳ್ಳಿ, ಮೈಸೂರು, ಬೆಂಗಳೂರು ವಿಭಾಗಗಳಿಗೂ ಹುಬ್ಬಳ್ಳಿ ಮತ್ತು ಮೈಸೂರಿನ ವರ್ಕ್‌ಶಾಪ್‌ಗಳಿಗೂ ಅಪ್ರೆಂಟಿಸ್ ಪ್ರಕಟಣೆ ಹೊರಡಿಸುತ್ತದೆ. ವಯಸ್ಸು 15ರಿಂದ 24 (ಹಿಂದುಳಿದ ವರ್ಗಕ್ಕೆ 3, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ), ಎಸ್ಸೆಸ್ಸೆಲ್ಸಿಯಲ್ಲಿ ಕನಿಷ್ಠ ಶೇ 50. ಪರೀಕ್ಷೆ, ಸಂದರ್ಶನ ಎರಡೂ ಇಲ್ಲ. ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿಯ ಮೇಲೆ ಪಟ್ಟಿ. ನಿಮ್ಮ ಮಗನ ಸರಾಸರಿ ಶೇ 71. ಹಿಂದಿನ ಪಟ್ಟಿಗಳಲ್ಲಿ ಫಿಟ್ಟರ್ ಟ್ರೇಡ್‌ನ, ನಿಮ್ಮ ವರ್ಗದ ಕೊನೆಯ ಅಂಕ ಎಷ್ಟಿತ್ತೆಂದು ನೋಡಿ. ಅದು 71ಕ್ಕೆ ಹತ್ತಿರವಿದ್ದರೆ ಪ್ರಕಟಣೆಯ ತನಕ ಕಾಯುವುದರಲ್ಲಿ ಅರ್ಥವಿದೆ. ಹತ್ತು ಅಂಕ ಮೇಲಿದ್ದರೆ ಅರ್ಜಿ ಹಾಕಿ ಮರೆತುಬಿಡಿ, ವರ್ಷ ಕಳೆಯಬೇಡಿ.

ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿ ಎನ್‌ಎಸಿ ಪಡೆದವರಿಗೆ ಲೆವೆಲ್-1 (ಅತಿ ಕೆಳ ಹಂತದ) ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 20ರಷ್ಟು ಮೀಸಲು ಇದೆ. ಆದರೂ ಅವರು ನೇಮಕಾತಿ ಪರೀಕ್ಷೆ ಬರೆಯಲೇಬೇಕು. ‘ರೈಲ್ವೆ ಅಪ್ರೆಂಟಿಸ್ ಆದರೆ ರೈಲ್ವೆ ನೌಕರಿ’ ಎಂದು ಗೆಳೆಯರು ಹೇಳುವುದು ಅರ್ಧ ಮಾತ್ರ ನಿಜ.

ಇಲ್ಲಿ ನೀವು ತಪ್ಪದೆ ತಿಳಿದಿರಬೇಕಾದದ್ದು: ಒಮ್ಮೆ ಕಾಯಿದೆಯಡಿ ಎಲ್ಲಿಯಾದರೂ ಅಪ್ರೆಂಟಿಸ್ ಆದವರು ಅಥವಾ ಆಗುತ್ತಿರುವವರು ಮತ್ತೆ ರೈಲ್ವೆ ಅಪ್ರೆಂಟಿಸ್‌ಗೆ ಅರ್ಹರಲ್ಲ. ಫೌಂಡ್ರಿಯ ಒಪ್ಪಂದ ಒಪ್ಪಿದ ಕ್ಷಣಕ್ಕೆ ಆ ಬಾಗಿಲು ಮುಚ್ಚುತ್ತದೆ. ಹಾಗೆಯೇ ಐಟಿಐ ನಂತರ ಒಂದು ವರ್ಷ ಅಥವಾ ಹೆಚ್ಚು ಕೆಲಸದ ಅನುಭವ ಇರುವವರನ್ನು ಹಲವು ಸಾರ್ವಜನಿಕ ಉದ್ಯಮಗಳು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮೊದಲು ರೈಲ್ವೆಯ ಹಳೆಯ ಪಟ್ಟಿ ನೋಡಿ ತೀರ್ಮಾನಿಸಿ, ಆಮೇಲೆ ಫೌಂಡ್ರಿಗೆ ಹೋಗಿ. ಈ ಕ್ರಮ ತಿರುಗುಮುರುಗಾಗಬಾರದು. ಒಪ್ಪಂದವನ್ನು ಮಧ್ಯದಲ್ಲಿ ಬಿಟ್ಟು ಬಂದರೆ ತರಬೇತಿ ವೆಚ್ಚ ತುಂಬಿಕೊಡಲು ಕೇಳುವ ಅವಕಾಶ ಕಂಪನಿಗಿದೆ. ಕಂಪನಿಯ ತಪ್ಪಿನಿಂದ ಮುರಿದರೆ ಪರಿಹಾರ ಕೊಡಬೇಕಾದದ್ದು ಅವರು.

ಮನೆಯಿಂದ ದೂರ, ಸುಗ್ಗಿ, ಮುಂದಿನ ದಾರಿ

ಮಾಚೇನಹಳ್ಳಿಗೆ ಹೊಸನಗರದಿಂದ ದಿನಾ ಓಡಾಡುವುದು ಆಗದ ಮಾತು. ಎರಡನೇ ಪಾಳಿ ರಾತ್ರಿ ಮುಗಿಯುವ ಹೊತ್ತಿಗೆ ಹೊಸನಗರದ ಕಡೆಗೆ ಬಸ್ಸು ಇರುವುದಿಲ್ಲ. ಶಿವಮೊಗ್ಗ ಅಥವಾ ಭದ್ರಾವತಿಯಲ್ಲಿ ಮೂರು ನಾಲ್ಕು ಹುಡುಗರು ಸೇರಿ ರೂಮು ಮಾಡುವುದೇ ಸರಿ. ಕಂಪನಿ ಬಸ್ಸು ಎಲ್ಲಿಯವರೆಗೆ ಬರುತ್ತದೆ ಎಂದು ತಿಳಿದುಕೊಂಡು ಆ ದಾರಿಯಲ್ಲೇ ರೂಮು ಹುಡುಕಿ. ಬಾಡಿಗೆ, ಊಟ, ತಿಂಗಳಿಗೊಮ್ಮೆ ಊರಿಗೆ ಬರುವ ಖರ್ಚು ಕೂಡಿ ನೋಡಿ. 11 ಸಾವಿರದಲ್ಲಿ ಜೀವನ ನಡೆಯುತ್ತದೆ, ಮನೆಗೆ ಕಳಿಸುವಷ್ಟು ಉಳಿಯುವುದಿಲ್ಲ. ಈ ಒಂದು ವರ್ಷ ಅವನಿಂದ ಹಣ ನಿರೀಕ್ಷಿಸಬೇಡಿ.

ಅಡಿಕೆ ಕೊಯ್ಲಿನ ವಿಷಯವೂ ಹೇಳಲೇಬೇಕು. ಕೊನೆ (ಅಡಿಕೆ ಗೊನೆ) ಇಳಿಸುವ ಕಾಲಕ್ಕೆ ಆಳು ಸಿಗುವುದಿಲ್ಲ, ಹುಡುಗನನ್ನು ಹದಿನೈದು ದಿನ ಕರೆಸಿಕೊಳ್ಳೋಣ ಅನ್ನಿಸುತ್ತದೆ. ಮಲೆನಾಡಿನ ಹುಡುಗರ ಹಾಜರಾತಿ ಬೀಳುವುದು ಆಗಲೇ. ರಜೆಗಿಂತ ಹೆಚ್ಚು ಗೈರಾದರೆ ಶಿಷ್ಯವೇತನ ಕಡಿತವಾಗುತ್ತದೆ, ತರಬೇತಿಯ ಅವಧಿ ಕಡಿಮೆ ಬಿದ್ದು ಪರೀಕ್ಷೆಗೆ ಕೂರುವುದು ತಡವಾಗುತ್ತದೆ, ಸೂಪರ್‌ವೈಸರ್‌ಗೂ ಅವನ ಮೇಲಿನ ಭರವಸೆ ಹೋಗುತ್ತದೆ. ಈ ಒಂದು ಸುಗ್ಗಿ ಅವನಿಲ್ಲದೆ ದಾಟಿಸಿ, ಚೇಣಿಗೆ (ಫಸಲು ಗುತ್ತಿಗೆಗೆ) ಕೊಡಬೇಕಾದರೂ ಕೊಡಿ.

ಎನ್‌ಎಸಿ ಬಂದ ಮೇಲೆ ಅದೇ ಕಂಪನಿ ಉಳಿಸಿಕೊಂಡರೆ ಒಳ್ಳೆಯದು. ಇಲ್ಲದಿದ್ದರೂ ದಾರಿಗಳಿವೆ. ಎರಡು ವರ್ಷದ ಐಟಿಐ ಆದವರಿಗೆ ಪಾಲಿಟೆಕ್ನಿಕ್‌ನಲ್ಲಿ ಲ್ಯಾಟರಲ್ ಎಂಟ್ರಿಯಿದೆ, ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಕಾರ್ಖಾನೆ ನೋಡಿ ಬಂದ ಹುಡುಗನಿಗೆ ಆ ಪಾಠಗಳು ಬೇಗ ಹತ್ತುತ್ತವೆ. ಡಿಪ್ಲೊಮಾ ನಂತರ ನ್ಯಾಟ್ಸ್ (ಡಿಪ್ಲೊಮಾ, ಪದವಿ ಮುಗಿಸಿದವರ ಅಪ್ರೆಂಟಿಸ್ ಯೋಜನೆ) ಪೋರ್ಟಲ್ ಮೂಲಕ ಇನ್ನೊಂದು ಹಂತದ ಅಪ್ರೆಂಟಿಸ್ ತರಬೇತಿ ಉಂಟು. ಕಲಿಸುವ ಆಸೆ ಇದ್ದರೆ ಐಟಿಐ ಬೋಧಕರಾಗಲು ಬೇಕಾದ ಒಂದು ವರ್ಷದ ಸಿಐಟಿಎಸ್ ತರಬೇತಿಗೂ ಅರ್ಜಿ ಹಾಕಬಹುದು. ಮನೆಯಲ್ಲಿ ಇನ್ನೂ ಎಸ್ಸೆಸ್ಸೆಲ್ಸಿ ಓದುತ್ತಿರುವ ಮಕ್ಕಳಿದ್ದರೆ ಶಿವಮೊಗ್ಗದ ಜಿಟಿಟಿಸಿಯನ್ನೂ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ನೋಡಿ. ಅದರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನಾಲ್ಕು ವರ್ಷ, ಕೊನೆಯ ವರ್ಷ ಪೂರ್ತಿ ಕಾರ್ಖಾನೆಯಲ್ಲೇ ತರಬೇತಿ.

ಸೇರಿದ ಮೇಲೆ ಒಪ್ಪಂದ ಮಾಡಿಸದೆ ‘ಮುಂದಿನ ತಿಂಗಳು’ ಎಂದು ದೂಡುತ್ತಿದ್ದರೆ ಮೊದಲು ಎಚ್‌ಆರ್‌ಗೆ ಇ-ಮೇಲ್‌ನಲ್ಲಿ ಬರೆದು ಕೇಳಿ, ಬರೆದದ್ದು ದಾಖಲೆಯಾಗಿ ಉಳಿಯುತ್ತದೆ. ಉತ್ತರ ಬಾರದಿದ್ದರೆ ಹತ್ತಿರದ ಸರ್ಕಾರಿ ಐಟಿಐನ ಪ್ರಾಂಶುಪಾಲರನ್ನು ಕಂಡು, ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಶಿಶಿಕ್ಷು (ಅಪ್ರೆಂಟಿಸ್) ಸಲಹೆಗಾರರ ಕಚೇರಿಗೆ ದೂರು ಕೊಡುವ ಬಗೆ ಕೇಳಿ. ಆಗ ಮಗನ ನೋಟ್‌ಬುಕ್, ಹಾಜರಾತಿಯ ಫೋಟೊ ಮತ್ತು ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.